ಗುರುವಾರದ ನೂರಿಪ್ಪತ್ತು ಬಾಗಿಲು

ಅವನನ್ನು ಕೆಲಸದಿಂದ ತೆಗೆಯಬೇಕೆಂಬ ಗೊತ್ತುವಳಿಯನ್ನು ಅವನ ಮುಖ ನೋಡುವ ಮೊದಲೇ ನಾನು ಬರೆದಿಟ್ಟಿದ್ದೆ.

ತಪ್ಪು ಅವನದಲ್ಲ, ಅವನ ಕಸುಬಿನದು. ಮಾರ್ಕೆಟಿಂಗ್! ಆ ಪದ ಕಿವಿಗೆ ಬಿದ್ದರೆ ಸಾಕು, ಮೈ ಉರಿಯುತ್ತಿತ್ತು. ನಾವು ದುಡಿದ ಚಪ್ಪಲಿ ಕಾರ್ಖಾನೆಯ ಗೋಡೆಯ ಮೇಲೆ ಒಬ್ಬ ಹುಡುಗಿಯ ದೊಡ್ಡ ಚಿತ್ರವಿತ್ತು. ಅವಳು ಸದಾ ನಗುತ್ತಿದ್ದಳು. ಒಳಗೆ ನಾವು ಕೂರಲು ಒಂದು ಸ್ಟೂಲು ಕೇಳಿದಾಗಲೂ ನಗುತ್ತಿದ್ದಳು, ಮಾಲೀಕ ಗೇಟಿಗೆ ಬೀಗ ಜಡಿದು ಹೋದ ದಿನವೂ ನಗುತ್ತಿದ್ದಳು. ಜಾಹೀರಾತೆಂದರೆ ನನಗೆ ಆ ನಗು.

ಏಳು ತಿಂಗಳು ಗೇಟಿನ ಮುಂದೆ ಕೂತು, ಹಟ ಹಿಡಿದು, ಹಳೆಯ ಯಂತ್ರಗಳನ್ನು ಕಿತ್ತುಕೊಂಡು ಬಂದವರು ನಾವು ಹದಿನಾಲ್ಕು ಹೆಂಗಸರು. ಒಂದು ತಗಡಿನ ಶೆಡ್ಡು ಹಿಡಿದು ಸಂಘ ಕಟ್ಟಿದೆವು. ದಿನವಿಡೀ ನಿಂತು ದುಡಿಯುವವರಿಗೆ ಚಪ್ಪಲಿ ಮಾಡುವುದು ನಮ್ಮ ಕೆಲಸ: ನರ್ಸುಗಳು, ಕ್ಷೌರದವರು, ಹೋಟೆಲಿನ ಅಡುಗೆಯವರು, ಅಂಗಡಿಯ ಕೌಂಟರಿನವರು. ನಾನು ಅಟ್ಟೆ ಕತ್ತರಿಸುವವಳು, ಸಂಘದ ಕಾರ್ಯದರ್ಶಿ ಕೂಡ. ಮುಷ್ಕರದ ದಿನಗಳಲ್ಲಿ ನನಗೆ ಅಂಟಿಕೊಂಡ ಹೆಸರು ಮೈಕು. ಯಾಕೆಂದು ನನ್ನ ದನಿ ಕೇಳಿದ ಯಾರೂ ಕೇಳುವುದಿಲ್ಲ.

ಚಪ್ಪಲಿ ಗಟ್ಟಿಯಾಗಿತ್ತು. ಕೊಳ್ಳುವವರು ಮಾತ್ರ ಬರಲಿಲ್ಲ. ಆಗ ನಮ್ಮ ಅಧ್ಯಕ್ಷೆ ಅಂಟಕ್ಕ ಎಲ್ಲಿಂದಲೋ ಅವನನ್ನು ಹಿಡಿದು ತಂದಳು. ಅಟ್ಟೆಗೆ ಅಂಟು ಹಚ್ಚುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ.

ಒಂದು ಗುರುವಾರ ಬೆಳಿಗ್ಗೆ ಬಾಗಿಲಲ್ಲಿ ಯಾರೋ ನಿಂತಿದ್ದರು. ತೆಳ್ಳಗಿನ ಮನುಷ್ಯ. ಅಂಗಿಯ ಜೇಬಿಗೆ ಶಾಯಿಯ ಕಲೆ. ಗಿರಾಕಿ ಎಂದುಕೊಂಡು, ವಾರದಿಂದ ಕೂಡಿಟ್ಟಿದ್ದ ನಗುವನ್ನೆಲ್ಲ ಅವನಿಗೇ ಕೊಟ್ಟುಬಿಟ್ಟೆ.

"ಬನ್ನಿ ಬನ್ನಿ. ಎಂಟನೇ ನಂಬರು ತಾನೆ?"

"ಹೌದು! ಹೇಗೆ ಗೊತ್ತಾಯ್ತು?"

"ನಿಂತಿರೋದು ನೋಡಿದ್ರೆ ಗೊತ್ತಾಗುತ್ತೆ. ಎಡಗಾಲಿನ ಮೇಲೆ ಜಾಸ್ತಿ ಭಾರ ಹಾಕ್ತೀರಿ. ಏನು ಕೆಲಸ ಮಾಡ್ತೀರಿ?"

"ಮಾರ್ಕೆಟಿಂಗು. ಅಂಟಕ್ಕ ಬರೋಕೆ ಹೇಳಿದ್ರು."

ಒಮ್ಮೆ ಕೊಟ್ಟ ನಗುವನ್ನು ವಾಪಸು ತೆಗೆದುಕೊಳ್ಳುವುದು ಎಷ್ಟು ಕಷ್ಟವೆಂದು ಅವತ್ತು ಗೊತ್ತಾಯಿತು. ತುಟಿ ಬಿಗಿದರೂ ಕೆನ್ನೆ ಕೇಳುವುದಿಲ್ಲ. ಅವನು ನನ್ನ ಮುಖದಲ್ಲಿ ನಡೆಯುತ್ತಿದ್ದ ಆ ಹೋರಾಟವನ್ನು ಆಸಕ್ತಿಯಿಂದ ನೋಡಿದ. ಆಮೇಲೆ ಕಣ್ಣು ಗೋಡೆಯ ಹಲಗೆಯ ಮೇಲೆ ಅಂಟಿಸಿದ್ದ ನನ್ನ ಗೊತ್ತುವಳಿಯತ್ತ ಹೋಯಿತು. ಹತ್ತಿರ ಹೋಗಿ ಓದತೊಡಗಿದ.

'ಕಾರಣ ಒಂದು: ಮಾರ್ಕೆಟಿಂಗ್ ಎಂದರೆ ಸುಳ್ಳು. ಎರಡು: ನಮಗೆ ಬೇಕಾದ್ದು ಈಗಲೇ ಬೇಕು. ಮೂರು: ನಮ್ಮ ಮಾತನ್ನು ಕೂಗಿ ಹೇಳಲು ನಮಗೇ ಬರುತ್ತದೆ.'

"ಇದು ನನ್ನ ಬಗ್ಗೇನಾ?"

"ನಿಮ್ಮ ಬಗ್ಗೇನೇ."

"ಅಕ್ಷರ ಚೆನ್ನಾಗಿದೆ" ಎಂದ.

ಅಂಟಕ್ಕ ಕುಂಚ ಹಿಡಿದುಕೊಂಡೇ ಓಡಿ ಬಂದಳು. "ಲೇ ಮೈಕು! ಮನುಷ್ಯ ಒಳಗೆ ಕಾಲಿಡೋಕೆ ಮುಂಚೆ ಹೊರಗೆ ಹಾಕ್ತೀಯೇನೇ? ಆರು ತಿಂಗಳು ನೋಡೋಣ. ಆಮೇಲೆ ವೋಟಿಗೆ ಹಾಕು."

ಹಾಗೇ ಆಯಿತು. ಗೊತ್ತುವಳಿಯ ಮೇಲೆ ದಿನಾಂಕ ಬಿತ್ತು. ನಮ್ಮ ಸಂಘದಲ್ಲಿ ಒಮ್ಮೆ ಮಂಡಿಸಿದ ಗೊತ್ತುವಳಿಯನ್ನು ಹಿಂತೆಗೆಯುವ ಹಾಗಿಲ್ಲ. ಹಳೆಯ ಯೂನಿಯನ್ನಿನ ನಾಯಕರು ಮಾಲೀಕನ ರೂಮಿನಲ್ಲಿ ಒಂದು ಲೋಟ ಟೀ ಕುಡಿದು ಬಂದು ನಮ್ಮ ಬೇಡಿಕೆಗಳನ್ನು ವಾಪಸು ಪಡೆಯುತ್ತಿದ್ದರು. ಅದಕ್ಕೇ ಈ ನಿಯಮ. ಮಂಡಿಸಿದವರೇ ಎದ್ದು ನಿಂತು ಅದರ ಪರ ಮಾತಾಡಬೇಕು. ನಿಯಮ ಬರೆದವಳು ನಾನೇ.

*

ಅವನ ಯೋಜನೆ ಕೇಳಿ ನಮ್ಮ ಹೊಲಿಗೆಯವರು ಸೂಜಿ ಕೈಬಿಟ್ಟರು. ಸುತ್ತಲಿನ ಬೀದಿಗಳಲ್ಲಿ ನಿಂತು ದುಡಿಯುವವರು ಇರುವ ನೂರಿಪ್ಪತ್ತು ಬಾಗಿಲು. ಪ್ರತಿ ಗುರುವಾರ ಒಂದೊಂದು ಬಾಗಿಲಿಗೂ ಕೈಯಲ್ಲಿ ಬರೆದ ಒಂದು ಕಾರ್ಡು. ಅಷ್ಟೇ.

"ಆಮೇಲೆ?" ಎಂದೆ.

"ಮುಂದಿನ ಗುರುವಾರ ಮತ್ತೊಂದು ಕಾರ್ಡು."

"ಅದೇ ಬಾಗಿಲುಗಳಿಗಾ?"

"ಅದೇ ಬಾಗಿಲುಗಳಿಗೆ."

"ಅವರು ಕೊಳ್ಳದಿದ್ರೆ?"

"ಅದರ ಮುಂದಿನ ಗುರುವಾರ..."

"ಗೊತ್ತಾಯ್ತು, ಸಾಕು ನಿಲ್ಲಿಸಿ."

ಮೊದಲ ಕಾರ್ಡನ್ನು ನನಗೇ ತೋರಿಸಿದ. 'ನಾವು ನಿಂತು ದುಡಿಯುವವರಿಗೆ ಚಪ್ಪಲಿ ಮಾಡುತ್ತೇವೆ. ನಿಮ್ಮ ಈಗಿನ ಚಪ್ಪಲಿ ಚೆನ್ನಾಗಿದ್ದರೆ ಅದನ್ನೇ ಹಾಕಿಕೊಳ್ಳಿ. ಹರಿದಾಗ ನಾವಿದ್ದೇವೆ.'

"ಕೊಳ್ಳಬೇಡಿ ಅಂತ ಬರೆದಿದೀರಲ್ರೀ!"

"ಹರಿಯದೇ ಇರೋ ಚಪ್ಪಲಿ ಬಿಸಾಕಿ ಅಂತ ನಿಂತು ದುಡಿಯೋರಿಗೆ ಹೇಗೆ ಹೇಳೋದು, ಕಾರ್ಯದರ್ಶಿಗಳೇ?"

ಆ 'ಕಾರ್ಯದರ್ಶಿಗಳೇ'ಯಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ತೂಗುವಷ್ಟರಲ್ಲಿ ಅವನು ಪೆನ್ನನ್ನು ಕಿವಿಗೆ ಸಿಕ್ಕಿಸಿಕೊಂಡು ಎರಡನೇ ಕಾರ್ಡಿಗೆ ಹೋಗಿದ್ದ. ಪೆನ್ನು ಸಿಕ್ಕಿಸಿಕೊಳ್ಳುವಾಗಲೆಲ್ಲ ಕಿವಿಯ ಮೇಲೆ ಒಂದು ನೀಲಿ ಗೆರೆ ಬೀಳುತ್ತಿತ್ತು. ಆ ಕಿವಿಯನ್ನು ನಾನು ನೋಡುತ್ತಿರಲಿಲ್ಲ. ಕಣ್ಣಿಗೆ ಬೀಳುತ್ತಿತ್ತು, ಅಷ್ಟೇ.

ಎರಡನೇ ವಾರ ಅವನದೊಂದು ಹೊಸ ತಗಾದೆ. "ನಾನು ಹಾಕ್ಕೊಂಡು ನೋಡದ ಚಪ್ಪಲಿ ಬಗ್ಗೆ ಬರೆಯೋಲ್ಲ. ಅಳತೆ ತಗೊಳ್ಳಿ."

ಅಳತೆ ತೆಗೆಯುವುದು ನನ್ನ ಪಾಲಿನ ಕೆಲಸ. ನೆಲದ ಮೇಲೆ ಹಾಳೆ ಹಾಸಿ ಪಾದ ಇಡಿಸಿದೆ. ಪೆನ್ಸಿಲು ಹಿಮ್ಮಡಿಯನ್ನು ಸುತ್ತಿ, ಪಾದದ ಒಳಬದಿಯ ಬಾಗಿಗೆ ಬಂದಾಗ ಅವನ ಐದೂ ಬೆರಳು ಒಟ್ಟಿಗೆ ಮುದುರಿದವು.

"ಅಲ್ಲಾಡಬೇಡಿ."

"ಅಲ್ಲಾಡ್ತಿಲ್ಲ."

"ಕಚಗುಳೀನಾ?"

"ಇಲ್ಲವಲ್ಲ" ಎಂದ, ಕಣ್ಣಲ್ಲಿ ನೀರು ತುಂಬಿಕೊಂಡು.

ನಾನು ತಲೆ ಎತ್ತಿದೆ. ಅವನು ಚಾವಣಿ ನೋಡುತ್ತಿದ್ದ. ಕೆಳದುಟಿ ಹಲ್ಲಿನ ಕೆಳಗೆ, ಎರಡೂ ಕೈ ಸ್ಟೂಲಿನ ಅಂಚಿನಲ್ಲಿ. ಇಷ್ಟು ತಾಳ್ಮೆಯ ಮನುಷ್ಯನನ್ನು ನಗಿಸಲೇಬೇಕೆಂಬ ಹಟ ಬಂತು. ಪೆನ್ಸಿಲನ್ನು ಇನ್ನೂ ನಿಧಾನ ಮಾಡಿದೆ. ಒಳಬದಿಯಲ್ಲಿ ಹೋದ ಗೆರೆ ಸರಿಯಿಲ್ಲವೆಂದು ಅಲ್ಲೇ ಇನ್ನೊಂದು ಗೆರೆ ಎಳೆದೆ. ಅವನ ಕಿವಿ ಕೆಂಪಾಯಿತು, ನೀಲಿ ಗೆರೆಯ ಸುತ್ತ. ನಗಲಿಲ್ಲ.

ಅಂಟಕ್ಕ ಆ ಕಡೆಯಿಂದ ಕೂಗಿದಳು. "ಮೈಕು, ಅದೇನು ಪಾದಾನೋ ಊರಿನ ನಕ್ಷೆಯೋ? ಎಷ್ಟು ಹೊತ್ತೇ ಬರೀತೀಯ?"

*

ಹನ್ನೊಂದು ಗುರುವಾರ ಕಳೆದವು. 'ಸಂಜೆ ಹೊತ್ತಿಗೆ ಪಾದ ಸ್ವಲ್ಪ ಊದುತ್ತದೆ. ಚಪ್ಪಲಿ ಕೊಳ್ಳುವುದಾದರೆ ಸಂಜೆ ಕೊಳ್ಳಿ. ನಮ್ಮಲ್ಲೇ ಆಗಬೇಕೆಂದಿಲ್ಲ' ಎಂಬಂಥ ಹನ್ನೊಂದು ಕಾರ್ಡುಗಳು ಹೋದವು. ಮಾರಾಟವಾದದ್ದು ಒಂಬತ್ತು ಜೊತೆ. ಅದರಲ್ಲಿ ಒಂದು ಅವನದೇ.

ನಾನು ಕಲಿತ ಪಾಠ ಬೇರೆ. ಮನವಿ ಕೊಡಬೇಕು. ವಾರದೊಳಗೆ ಉತ್ತರ ಬರದಿದ್ದರೆ ಧರಣಿ. ಧರಣಿಗೂ ಜಗ್ಗದಿದ್ದರೆ ಮೆರವಣಿಗೆ. ಹನ್ನೊಂದು ಸಲ ಮನವಿ ಕೊಟ್ಟು ಸುಮ್ಮನಿರುವುದು ಹೇಡಿಗಳ ಲಕ್ಷಣವೆಂದು ಹೊಲಿಗೆಯವರಲ್ಲಿ ಐವರನ್ನು ಒಪ್ಪಿಸಿದೆ. ಅವನಿಗೆ ಹೇಳಲಿಲ್ಲ. ಮಂಗಳವಾರ ಬೆಳಿಗ್ಗೆ, ಅಂಗಡಿ ಬೀದಿಯಲ್ಲಿ ಜನ ಕಿಕ್ಕಿರಿದ ಹೊತ್ತಿಗೆ, ಉದ್ದನೆಯ ಕೋಲಿಗೆ ಚಪ್ಪಲಿ ಕಟ್ಟಿ ಎತ್ತಿ ಹಿಡಿದು ಹೊರಟೆವು.

"ನಿಂತು ದುಡಿಯುವ ಕಾಲುಗಳಿಗೆ..." ಎಂದು ನಾನು.

"ನ್ಯಾಯ ಬೇಕು! ನ್ಯಾಯ ಬೇಕು!" ಎಂದು ಐವರು.

ಮೊದಲ ಕೂಗಿಗೆ ಬೀದಿಯ ಆ ತುದಿಯಲ್ಲಿ ಒಂದು ಶಟರ್ ದಡದಡನೆ ಇಳಿಯಿತು. ಎರಡನೆಯದಕ್ಕೆ ನಾಲ್ಕು. ನಾನು ಉತ್ಸಾಹದಲ್ಲಿ ದನಿ ಏರಿಸಿದೆ. ಬಟ್ಟೆ ಅಂಗಡಿಯವನು ಹೊರಗೆ ನೇತುಹಾಕಿದ್ದನ್ನೆಲ್ಲ ಬಾಚಿಕೊಂಡು ಒಳಗೆ ಓಡಿದ. ಹೋಟೆಲಿನವರು ತಟ್ಟೆಯ ಮುಂದೆ ಕೂತವರನ್ನು ಎಬ್ಬಿಸಿ ಹಿಂಬಾಗಿಲು ತೋರಿಸಿದರು. ಕ್ಷೌರದ ಅಂಗಡಿಯಿಂದ ಅರ್ಧ ಗಡ್ಡ ಹೆರೆಸಿಕೊಂಡ ಒಬ್ಬ ಈಚೆಗೆ ಬಂದು, ಕೋಲಿನ ತುದಿಯ ಚಪ್ಪಲಿ ನೋಡಿ, ಬಂದಷ್ಟೇ ವೇಗದಲ್ಲಿ ಒಳಗೆ ಹೋದ. ಐದು ನಿಮಿಷದಲ್ಲಿ ಬೀದಿ ಖಾಲಿ. ನಮ್ಮ ಚಪ್ಪಲಿ ಕೊಳ್ಳಬೇಕಾದವರೆಲ್ಲ ಬಾಗಿಲ ಹಿಂದೆ. ಬೀದಿಯಲ್ಲಿ ಉಳಿದವರು ನಾವು ಆರು ಜನ ಮತ್ತು ಒಂದು ನಾಯಿ.

ಒಂದು ಶಟರ್ ಗೇಣುದ್ದ ಮೇಲೆದ್ದು ಒಳಗಿನಿಂದ ಪ್ರಶ್ನೆ ಬಂತು. "ಅಕ್ಕಾ, ಬಂದ್ ಎಷ್ಟು ಗಂಟೆವರೆಗೆ?"

"ಬಂದ್ ಅಲ್ಲಪ್ಪಾ, ಚಪ್ಪಲಿ!"

"ಅಯ್ಯೋ, ಚಪ್ಪಲಿ ಎಸೀತಾರಂತೆ ಕಣೋ!" ಎಂದು ಒಳಗೆ ಯಾರೋ ಕೂಗಿದರು. ಶಟರ್ ಮತ್ತೆ ಇಳಿಯಿತು.

ಶೆಡ್ಡಿಗೆ ಮರಳಿದಾಗ ಅವನು ಕಾರ್ಡು ಬರೆಯುತ್ತ ಕೂತಿದ್ದ. ಬಯ್ಯುತ್ತಾನೆ ಎಂದುಕೊಂಡು ಉತ್ತರ ಸಿದ್ಧಮಾಡಿಕೊಂಡಿದ್ದೆ. ಬಯ್ಯಲಿಲ್ಲ. ಕುಡಿಯಲು ನೀರು ಕೊಟ್ಟ. "ಗಂಟಲು ಒಣಗಿರುತ್ತೆ" ಎಂದ. ಜಗಳಕ್ಕೆ ಸಿದ್ಧವಾದವಳಿಗೆ ನೀರು ಕೊಡುವವನಷ್ಟು ಸಿಟ್ಟು ಬರಿಸುವ ಮನುಷ್ಯ ಇನ್ನೊಬ್ಬನಿಲ್ಲ.

ಗುರುವಾರದ ಕಾರ್ಡು ಓದಲು ಕೊಟ್ಟ. 'ಮಂಗಳವಾರ ಬೀದಿಯಲ್ಲಿ ಕೂಗಿದವರು ನಾವೇ. ಅದು ಬಂದ್ ಆಗಿರಲಿಲ್ಲ. ಗಾಬರಿಪಡಿಸಿದ್ದಕ್ಕೆ ಕ್ಷಮೆಯಿರಲಿ. ನಮ್ಮ ಕಾರ್ಯದರ್ಶಿಯ ದನಿ ಗಟ್ಟಿ. ಅವರು ಕತ್ತರಿಸುವ ಅಟ್ಟೆ ಅದಕ್ಕಿಂತ ಗಟ್ಟಿ.'

ಪಕ್ಕದಲ್ಲಿ ಒಣಗಲು ಹರಡಿದ್ದ ಕಾರ್ಡುಗಳನ್ನು ನೋಡಿದೆ. ಎಲ್ಲದರಲ್ಲೂ ಅದೇ ಸಾಲು. ನನ್ನ ಬಗ್ಗೆ ಒಬ್ಬ ಮನುಷ್ಯ ಒಂದೇ ಮಾತನ್ನು ನೂರಿಪ್ಪತ್ತು ಸಲ ಕೈಯಾರೆ ಬರೆದಿದ್ದ. ನೂರಿಪ್ಪತ್ತನೆಯದರಲ್ಲೂ ಅಕ್ಷರ ಅವಸರಪಟ್ಟಿರಲಿಲ್ಲ.

ಶಾಯಿ ಒಣಗಿದ ಕಾರ್ಡುಗಳನ್ನು ಒಂದೊಂದಾಗಿ ಎತ್ತಿ ಕಟ್ಟು ಮಾಡತೊಡಗಿದೆ.

*

ಪ್ರಾಯಶ್ಚಿತ್ತವೆಂದು ಆ ಗುರುವಾರ ನಾನೂ ಕಾರ್ಡು ಹಂಚಲು ಹೊರಟೆ. ಅವನು ಪ್ರತಿ ಬಾಗಿಲಲ್ಲೂ ಒಂದೇ ಅಳತೆಯ ಹೊತ್ತು ನಿಲ್ಲುತ್ತಿದ್ದ. ಕಾರ್ಡು ಕೊಡುವುದು, ಕಾಲು ಹೇಗಿದೆ ಎಂದು ಕೇಳುವುದು, ಮುಂದೆ ಹೋಗುವುದು. ಕೊಳ್ಳಿ ಎಂದು ಒಂದು ಮಾತಿಲ್ಲ.

"ಹೀಗೆ ಎಷ್ಟು ದಿನ?" ಎಂದು ಮೂವತ್ತನೇ ಬಾಗಿಲ ಬಳಿ ಕೇಳಿದೆ.

"ಮುಂಚೆ ಒಂದು ಕಂಪನೀಲಿದ್ದೆ. ಒಂದೇ ಸೋಪಿಗೆ ವರ್ಷದಲ್ಲಿ ಒಂಬತ್ತು ಥರ ಜಾಹೀರಾತು ಬರೆಸಿದ್ರು. ಪ್ರತಿ ಸಲ 'ಹೊಸ' ಅಂತ ಸೇರಿಸಬೇಕು. ಸೋಪು ಅದೇ. ಜನ ನಂಬೋಕೆ ಶುರು ಮಾಡೋ ಹೊತ್ತಿಗೆ ಇವರಿಗೆ ಬೇಜಾರಾಗಿರ್ತಿತ್ತು." ಸ್ವಲ್ಪ ದೂರ ನಡೆದು ಮತ್ತೆ ಹೇಳಿದ: "ಯಾರ ಚಪ್ಪಲಿ ಯಾವ ಗುರುವಾರ ಹರಿಯುತ್ತೋ ನಮಗೆ ಗೊತ್ತಿಲ್ಲ. ಅದಕ್ಕೇ ಎಲ್ಲಾ ಗುರುವಾರಾನೂ ಹೋಗಬೇಕು."

ಅರವತ್ಮೂರನೇ ಬಾಗಿಲು ಒಂದು ಲಾಂಡ್ರಿ. ಅದೂ ಅವನ ಪಟ್ಟಿಯಲ್ಲಿದೆಯೆಂದು ನನಗೆ ಗೊತ್ತಿರಲಿಲ್ಲ. ನನ್ನ ಕಾಲು ಅಲ್ಲೇ ನಿಂತಿತು. ಇಸ್ತ್ರಿ ಮೇಜಿನ ಹಿಂದೆ ನಿಂತಿದ್ದವಳು ನನ್ನ ಅಮ್ಮ.

"ಬಂದ್ಯೇನಪ್ಪಾ?" ಎಂದು ಅವಳು ಅವನನ್ನು ಸ್ವಾಗತಿಸಿದಳು, ಹುಟ್ಟಿದಾಗಿನಿಂದ ಕಂಡವಳಂತೆ. ಹಿಂದಿನ ಗೋಡೆಯಲ್ಲಿ ಹನ್ನೊಂದು ಕಾರ್ಡು ಸಾಲಾಗಿ ಅಂಟಿದ್ದವು. "ಎಲ್ಲಿ, ಈ ವಾರದ್ದು ಕೊಡು. ಏನಂತಾಳೆ ನಿಮ್ಮ ಕಾರ್ಯದರ್ಶಿ? ಇನ್ನೂ ಬಯ್ತಾಳಾ?"

ಅವನು ನನ್ನ ಕಡೆ ನೋಡಿ ಕಕ್ಕಾಬಿಕ್ಕಿಯಾದ. "ಅಮ್ಮಾ, ಇವರೇ ನಮ್ಮ..."

"ಗೊತ್ತಪ್ಪಾ. ನಾನೇ ಹೆತ್ತಿದ್ದು."

ಅವನ ಕೈಯಿಂದ ಕಾರ್ಡಿನ ಕಟ್ಟು ಜಾರಿ ನೆಲದ ತುಂಬ ಹರಡಿತು.

"ಅಮ್ಮಾ!" ಎಂದೆ. ಬೀದಿಯಲ್ಲಿ ಒಂದು ಶಟರ್ ಇಳಿದ ಸದ್ದಾಯಿತು. "ನಿನಗೆ ಮೊದಲಿಂದಲೂ ಗೊತ್ತಿತ್ತಾ? ಒಂದು ಮಾತು ಹೇಳಲಿಲ್ಲವಲ್ಲ!"

"ಯಾಕೆ ಹೇಳ್ಲಿ? ನೀನು ಮನೇಲಿ ದಿನಾ ಇವನನ್ನ ಬಯ್ತೀಯ, ಇವನು ಇಲ್ಲಿ ವಾರವಾರ ನಿನ್ನ ಸುದ್ದಿ ಹೇಳ್ತಾನೆ. ನಿಂತೂ ನಿಂತೂ ಕಾಲು ಸೋತೋಳಿಗೆ ಇಷ್ಟಾದರೂ ಮಜಾ ಬೇಡ್ವಾ?"

"ದಿನಾ ಬಯ್ತಾರಾ?" ಎಂದು ನೆಲದಲ್ಲಿ ಕಾರ್ಡು ಹೆಕ್ಕುತ್ತಿದ್ದ ಅವನು ತಲೆ ಎತ್ತಿದ.

"ಭಾನುವಾರವೂ ಬಿಡೋಲ್ಲ."

"ಒಂದು ದಿನಾನೂ ತಪ್ಪಿಸದೆ ಮಾಡೋದು ಸಣ್ಣ ವಿಷಯ ಅಲ್ಲ" ಎಂದ ಅವನು, ಬಹಳ ಗಂಭೀರವಾಗಿ. ಕಣ್ಣಿನ ತುದಿ ಮಾತ್ರ ಗಂಭೀರವಾಗಿರಲಿಲ್ಲ.

"ಎಂಟನೇ ವಾರ ಇವನು ನಿನ್ನ ಬಗ್ಗೆ ಏನಂದ ಗೊತ್ತೇನೇ?"

"ಅಮ್ಮಾ, ಬೇಡಮ್ಮಾ!" ಎಂದು ಅವನು ಗಾಬರಿಯಿಂದ ತಡೆದ.

"ಆಯ್ತು, ನೀನೇ ಹೇಳಿಕೋ. ನಾನು ಮಡಿಸಿ ಕೊಡೋಳು, ಬಿಚ್ಚೋಳಲ್ಲ." ಅಮ್ಮ ಅಂಗಿಯೊಂದನ್ನು ಎಳೆದುಕೊಂಡು ಇಸ್ತ್ರಿ ಒತ್ತಿದಳು.

ಅಲ್ಲಿಂದ ಮುಂದಿನ ಇಪ್ಪತ್ತು ಬಾಗಿಲಿಗೆ ನಾನೇ ಮುಂದೆ ಮುಂದೆ ನಡೆದು ಕಾರ್ಡು ಕೊಟ್ಟೆ. ಎಂಬತ್ಮೂರನೆಯದು ದಾಟಿದ ಮೇಲೆ ತಡೆಯಲಾಗಲಿಲ್ಲ. "ಏನಂದಿದ್ರಿ?"

ಅವನು ಕಾರ್ಡುಗಳ ಅಂಚು ಸರಿಮಾಡಿದ. ಸರಿಯಾಗೇ ಇದ್ದವು. ಮತ್ತೆ ಸರಿಮಾಡಿದ.

"ಕಾರ್ಯದರ್ಶಿಗಳು ರಜಾ ಹಾಕಿದ ದಿನ ಬರೆಯೋಕೆ ಏನೂ ತೋಚೋಲ್ಲ ಅಂದಿದ್ದೆ."

ನನಗೊಂದು ಖಾರವಾದ ಉತ್ತರ ಹೊಳೆಯಬೇಕಿತ್ತು. ಹೊಳೆದದ್ದು, ಪಕ್ಕದಲ್ಲಿ ನಡೆಯುವ ಎಂಟನೇ ನಂಬರಿನ ಹೆಜ್ಜೆ ಈಗ ಎಡಕ್ಕೆ ವಾಲುತ್ತಿಲ್ಲ ಎಂಬುದು ಮಾತ್ರ. ನಾನು ಮಾಡಿಕೊಟ್ಟ ಚಪ್ಪಲಿ.

ಮುಂದೆ ಯಾವ ಗುರುವಾರವೂ ಅವನೊಬ್ಬನೇ ಹೋಗಲಿಲ್ಲ. ಪ್ರಾಯಶ್ಚಿತ್ತ ಎಷ್ಟು ವಾರದ್ದೆಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.

*

ಇಪ್ಪತ್ನಾಲ್ಕನೇ ಕಾರ್ಡು ಹೋದ ಮರುದಿನ ಆಸ್ಪತ್ರೆಯ ಹೆಡ್ ನರ್ಸ್ ಶೆಡ್ಡಿಗೆ ಬಂದರು. ಕೈಯಲ್ಲೊಂದು ಚಪ್ಪಲಿ, ಅಟ್ಟೆ ಬಾಯಿ ಬಿಟ್ಟಿತ್ತು.

"ನಿಮ್ಮ ಇಪ್ಪತ್ಮೂರು ಕಾರ್ಡು ಕಸದ ಬುಟ್ಟಿಗೆ ಹಾಕಿದೀನಿ, ಬೇಜಾರು ಮಾಡ್ಕೋಬೇಡಿ. ನಿನ್ನೆ ಡ್ಯೂಟಿ ಮಧ್ಯೆ ಇದು ಕಿತ್ತುಹೋಯ್ತು. ಅದೇ ಹೊತ್ತಿಗೆ ಇಪ್ಪತ್ನಾಲ್ಕನೇದು ಬಂತು. ನಮ್ಮ ವಾರ್ಡಿನವರಿಗೆಲ್ಲ ಮಾಡಿಕೊಡ್ತೀರಾ? ಹದಿನೆಂಟು ಜೊತೆ."

ನಾನು ಕುಣಿದೆ. ಅಂಟಕ್ಕ ಕುಣಿಯಲಿಲ್ಲ.

"ಆರು ತಿಂಗಳಿಗೆ ಒಂದು ವಾರ್ಡು. ಈ ಲೆಕ್ಕದಲ್ಲಿ ಆಸ್ಪತ್ರೆ ಮುಗಿಸೋ ಹೊತ್ತಿಗೆ ನಾನೇ ಅಲ್ಲಿ ಮಲಗಿರ್ತೀನಿ. ಅವನನ್ನ ತಂದೋಳು ನಾನೇ, ಕಳಿಸೋಳೂ ನಾನೇ. ನಿನ್ನ ಗೊತ್ತುವಳಿಗೇ ನನ್ನ ವೋಟು ಕಣೇ ಮೈಕು. ನೀನೇ ಸರಿ."

ಜೀವನದಲ್ಲಿ ಮೊದಲ ಸಲ ಅಂಟಕ್ಕ ನಾನೇ ಸರಿ ಎಂದಿದ್ದಳು. ನನಗೆ ಅಳು ಬಂತು.

ಶೆಡ್ಡಿನಲ್ಲಿ ಒಬ್ಬೊಬ್ಬರ ಮನಸ್ಸನ್ನೂ ಕೆದಕಿ ನೋಡಿದೆ. ಅವನನ್ನು ಕಳಿಸಬೇಕೆನ್ನುವವರು ಏಳು. ಉಳಿಸಬೇಕೆನ್ನುವವರು ಆರು. ನನ್ನದು ಸೇರಿದರೆ ಏಳು. ಸಮ ಬಿದ್ದರೆ ಗೊತ್ತುವಳಿ ಬಿದ್ದುಹೋಗುತ್ತದೆ, ಅವನು ಉಳಿಯುತ್ತಾನೆ. ನನ್ನ ಗೊತ್ತುವಳಿಗೆ ನಾನೇ ವಿರುದ್ಧ ಮತ ಹಾಕಬಾರದೆಂದು ಯಾವ ನಿಯಮವೂ ಇಲ್ಲ. ಹುಡುಕಿ ನೋಡಿದ್ದೆ.

ಸಭೆಯ ಹಿಂದಿನ ದಿನ ಅವನು ನನ್ನ ಯಂತ್ರದ ಬಳಿ ಬಂದು ನಿಂತ. "ನನಗೊಂದು ಮಾತು..."

"ನಾಳೆ ವೋಟಾಗೋವರೆಗೂ ಏನೂ ಹೇಳಬೇಡಿ."

"ಸರಿ. ಕಾಯ್ತೀನಿ."

"ಅದೊಂದು ಚೆನ್ನಾಗಿ ಬರುತ್ತೆ ನಿಮಗೆ!" ಎಂದು ರೇಗಿದೆ. ಅವನು ನಕ್ಕು ಹೋದ. ಅವತ್ತು ನಾನು ಕತ್ತರಿಸಿದ ಅಟ್ಟೆಗಳೆಲ್ಲ ಬಲಗಾಲಿನವೇ ಆದವು.

*

ನಮ್ಮಲ್ಲಿ ಮತ ಹಾಕುವುದು ಚಪ್ಪಲಿಯಿಂದ. ಕಾರ್ಖಾನೆಗೆ ಬೀಗ ಬಿದ್ದ ದಿನ ಗೇಟಿನ ಮುಂದೆ ಕಾಗದ ಸಿಗದೆ ಹಾಗೆ ಮಾಡಿದ್ದೆವು, ಅದೇ ಉಳಿಯಿತು. ಬಲಗಾಲಿನದು ಹಾಕಿದರೆ ಒಪ್ಪಿಗೆ, ಎಡಗಾಲಿನದು ಹಾಕಿದರೆ ವಿರೋಧ. ಪರದೆಯ ಹಿಂದೆ ಬುಟ್ಟಿ. ಹೆಸರಿಗೆ ಗುಪ್ತ ಮತದಾನ. ಚಪ್ಪಲಿ ಮಾಡುವವರ ನಡುವೆ ಚಪ್ಪಲಿಗೆಲ್ಲಿಯ ಗುಟ್ಟು?

ಗುರುವಾರ ಮಧ್ಯಾಹ್ನ. ಯಾರ ವಿಷಯವೋ ಅವರು ಹೊರಗಿರಬೇಕು. ಅವನು ಶೆಡ್ಡಿನ ಮೆಟ್ಟಿಲ ಮೇಲೆ ಖಾಲಿ ಕಾರ್ಡುಗಳ ಕಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕೂತ. ನಾನು ಎದ್ದು ನಿಂತು ಗೊತ್ತುವಳಿಯ ಪರ ಮಾತಾಡಬೇಕಿತ್ತು.

"ಕಾರಣ ಒಂದು: ಮಾರ್ಕೆಟಿಂಗ್ ಎಂದರೆ ಸುಳ್ಳು" ಎಂದು ಓದಿದೆ. "ಇಪ್ಪತ್ತಾರು ಕಾರ್ಡಲ್ಲಿ ಸುಳ್ಳು ಹುಡುಕಿದೆ. ಸಿಗಲಿಲ್ಲ. ಕಾರಣ ಎರಡು: ನಮಗೆ ಬೇಕಾದ್ದು ಈಗ್ಲೇ ಬೇಕು. ಈಗ್ಲೇ ಬೇಕು ಅಂತ ಕೇಳೋಕೆ ಹೋಗಿ ಬೀದೀನೇ ಮುಚ್ಚಿಸಿ ಬಂದೆ. ಕಾರಣ ಮೂರು: ಕೂಗಿ ಹೇಳೋಕೆ ನಮಗೇ ಬರುತ್ತೆ. ಕೂಗೋಕೆ ಬರುತ್ತೆ. ಮಾಲೀಕನ ಮುಂದೆ ಕೂಗಲೇಬೇಕು, ನಾಳೆಯೂ ಕೂಗ್ತೀನಿ. ಆದರೆ ನಮ್ಮ ಹಾಗೇ ನಿಂತು ದುಡಿಯೋರ ಬಾಗಿಲಲ್ಲಿ ಹೇಗೆ ನಿಲ್ಲಬೇಕು ಅಂತ ನನಗೆ ಗೊತ್ತಿರಲಿಲ್ಲ."

"ಇದು ಪರ ಮಾತಾಡೋ ರೀತೀನಾ?" ಎಂದು ಅಂಟಕ್ಕ ಗದರಿದಳು. ಆಮೇಲೆ ಮತದಾನಕ್ಕೆ ಮೊದಲು ಪ್ರತಿ ಸಲ ಕೇಳುವ, ಯಾರೂ ಎಂದೂ ಉತ್ತರಿಸದ ಪ್ರಶ್ನೆಯನ್ನು ಒಂದೇ ಉಸಿರಿಗೆ ಕೇಳಿದಳು. "ಈ ವಿಷಯದಲ್ಲಿ ಸ್ವಂತ ಹಿತಾಸಕ್ತಿ ಇರೋರು ಮತ ಹಾಕೋ ಹಾಗಿಲ್ಲ. ಯಾರೂ ಇಲ್ಲ ತಾನೆ? ಸರಿ, ಚಪ್ಪಲಿ ಬಿಚ್ಚಿ."

ಎಲ್ಲರೂ ಬಗ್ಗಿದರು. ನಾನೂ ಬಗ್ಗಿದೆ. ಎಡಗಾಲಿನ ಚಪ್ಪಲಿ ಕೈಗೆ ಬಂತು.

ಸುಮ್ಮನಿದ್ದರೆ ಅವನು ಉಳಿಯುತ್ತಿದ್ದ. ಒಂದು ಚಪ್ಪಲಿ ಬುಟ್ಟಿಗೆ ಹಾಕಿದ್ದರೆ ಮುಗಿಯುತ್ತಿತ್ತು. ಆದರೆ ಮಾಲೀಕನ ರೂಮಿನಿಂದ ಬಾಯಿ ಒರೆಸಿಕೊಂಡು ಬರುತ್ತಿದ್ದ ಆ ನಾಯಕರ ಮುಖಗಳು ಕಣ್ಣಿಗೆ ಕಟ್ಟಿದವು. ಅವರೂ ಸುಮ್ಮನೇ ಇದ್ದವರು.

"ಅಂಟಕ್ಕಾ" ಎಂದೆ. "ನನಗಿದೆ."

"ಏನಿದೆ?"

"ಹಿತಾಸಕ್ತಿ."

ಹದಿಮೂರು ಹೆಂಗಸರು ಬಗ್ಗಿದಲ್ಲೇ ತಲೆ ಎತ್ತಿದರು.

"ಎಂಥ ಹಿತಾಸಕ್ತಿ? ಬಾಯಿಬಿಟ್ಟು ಹೇಳು, ಪುಸ್ತಕದಲ್ಲಿ ಬರೀಬೇಕು."

ಮೆಲ್ಲಗೆ ಹೇಳಬೇಕೆಂದೇ ಇದ್ದೆ. ನನ್ನ ಗಂಟಲಿಗೆ ಮೆಲ್ಲಗೆ ಎಂಬುದು ಗೊತ್ತಿಲ್ಲ.

"ನನಗೆ ಅವರಂದ್ರೆ ಇಷ್ಟ!"

ತಗಡಿನ ಗೋಡೆ ಝಣ್ ಎಂದಿತು. ಹೊರಗೆ ಏನೋ ಬಿದ್ದ ಸದ್ದು. ಮರುಕ್ಷಣ ಬಾಗಿಲು ದಢಾರನೆ ತೆರೆಯಿತು. ಆರು ತಿಂಗಳಲ್ಲಿ ಒಮ್ಮೆಯೂ ಅವಸರಪಡದ ಮನುಷ್ಯ ಏದುಸಿರು ಬಿಡುತ್ತ ಒಳಗೆ ನುಗ್ಗಿದ್ದ.

"ನನಗೂ ಇದೆ! ಹಿತಾಸಕ್ತಿ! ಹನ್ನೆರಡನೇ ವಾರದಿಂದ... ಅಲ್ಲ, ಎರಡನೇ ವಾರದಿಂದ, ಆ ಪೆನ್ಸಿಲು..."

ಅಷ್ಟರಲ್ಲಿ ಅವನಿಗೆ ಎದುರಿನ ದೃಶ್ಯ ಕಂಡಿತು. ಹದಿನಾಲ್ಕು ಹೆಂಗಸರು, ಪ್ರತಿಯೊಬ್ಬರ ಕೈಯಲ್ಲೂ ಒಂದೊಂದು ಚಪ್ಪಲಿ.

ಅವನು ಎರಡು ಹೆಜ್ಜೆ ಹಿಂದೆ ಸರಿದ.

"ಹೊರಗೆ ನಡೀರೀ!" ಎಂದು ಅಂಟಕ್ಕ ತನ್ನದನ್ನು ಎತ್ತಿ ತೋರಿಸಿದಳು. "ಮತದಾನ ನಡೀತಿದೆ! ಹಿತಾಸಕ್ತಿ ಎಲ್ಲ ಆಮೇಲೆ!"

ಅವನು ಹೋದ. ಬಾಗಿಲು ಮುಚ್ಚುವ ಮೊದಲು ಒಂದು ಸಲ ತಿರುಗಿ ನೋಡಿದ. ಆ ನೋಟವನ್ನು ಬರೆಯಲು ಅವನ ನಿಧಾನದ ಅಕ್ಷರ ಬೇಕು, ನನ್ನಿಂದಾಗದು. ಪಕ್ಕದ ಹೊಲಿಗೆಯವಳು ನನ್ನ ತೋಳು ಚಿವುಟಿದ್ದು ಮಾತ್ರ ನೆನಪಿದೆ.

ನಾನು ಮೂಲೆಯಲ್ಲಿ ಕೂತೆ. ಒಬ್ಬೊಬ್ಬರೇ ಒಂಟಿ ಚಪ್ಪಲಿಯಲ್ಲಿ ಕುಂಟುತ್ತ ಪರದೆಯ ಹಿಂದೆ ಹೋಗಿ ಬಂದರು. ಏಳು, ಆರು. ಏಳು, ಆರು. ಲೆಕ್ಕ ತಲೆಯಲ್ಲಿ ಸುತ್ತುತ್ತಿತ್ತು. ನನ್ನ ಬಾಯಿಂದಲೇ ಅವನನ್ನು ಕಳಿಸಿಬಿಟ್ಟಿದ್ದೆ.

ಬುಟ್ಟಿ ಬೋರಲು ಹಾಕಿದರು. ಬಲಗಾಲಿನವು ಆರು. ಎಡಗಾಲಿನವು ಏಳು.

ಮತ್ತೆ ಎಣಿಸಿದರು. ಆರು, ಏಳು. ಗೊತ್ತುವಳಿ ಬಿದ್ದುಹೋಗಿತ್ತು. ಎಡಗಾಲಿನ ರಾಶಿಯ ತುದಿಯಲ್ಲಿ ಒಂದು ಚಪ್ಪಲಿ, ಮೈತುಂಬ ಒಣಗಿದ ಅಂಟಿನ ಕಲೆ.

"ಅಂಟಕ್ಕಾ, ನೀನು?"

"ಗುಪ್ತ ಮತದಾನ, ಕೇಳಬಾರದು" ಎಂದು ಅವಳು ಮುಖ ತಿರುಗಿಸಿದಳು. ಆಮೇಲೆ ತಾನೇ ತಡೆಯಲಾರದೆ ಹೇಳಿದಳು: "ನಿನ್ನ ಪ್ರೀತಿಗೆ ಹಾಕಿದ್ದಲ್ಲ ಕಣೇ, ಹಿಗ್ಗಬೇಡ. ನೀನು ಕೈಗೆ ಬಂದ ವೋಟು ಬಿಟ್ಟುಕೊಟ್ಟೆ ನೋಡು, ಅದಕ್ಕೆ ಹಾಕಿದ್ದು. ಅಂಥೋಳು ಕಾರ್ಡು ಬೇಕು ಅಂದ್ರೆ ಕಾರ್ಡಿನಲ್ಲಿ ಏನೋ ಇರಬೇಕು. ಇನ್ನೊಂದು ವರ್ಷ ಬರೀಲಿ. ಈಗ ಹೋಗು, ಪಾಪ, ಅವನು ಮೆಟ್ಟಿಲ ಮೇಲೆ ಉಸಿರು ಹಿಡ್ಕೊಂಡು ಕೂತಿದಾನೆ."

ಅವನು ಕೂತಿರಲಿಲ್ಲ. ಮೆಟ್ಟಿಲ ಮುಂದೆ ಆ ಕಡೆಯಿಂದ ಈ ಕಡೆ, ಈ ಕಡೆಯಿಂದ ಆ ಕಡೆ ತಿರುಗುತ್ತಿದ್ದ. ಕಾರ್ಡುಗಳು ಚೆಲ್ಲಾಪಿಲ್ಲಿಯಾಗಿದ್ದವು. ಎದುರಿನ ಅಂಗಡಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಶೆಡ್ಡಿನ ಹೊರಗೂ ನನ್ನ ಮಾತು ಸ್ಪಷ್ಟವಾಗಿ ಕೇಳಿಸಿತ್ತು.

"ಉಳಿದ್ರಿ" ಎಂದೆ. "ಇನ್ನೊಂದು ವರ್ಷ."

"ಅದು ಹಾಗಿರಲಿ. ಒಳಗೆ ಹೇಳಿದ್ರಲ್ಲ, ಅದು..."

"ಅದಕ್ಕೆ ಅವಧಿ ಹಾಕಿಲ್ಲ."

ಅವನು ನಕ್ಕ. ಪೆನ್ಸಿಲಿಗೂ ಬಗ್ಗದ ಆ ನಗು, ತಲೆ ಹಿಂದಕ್ಕೆ ವಾಲಿ, ಕಣ್ಣು ಮುಚ್ಚಿ, ಇಡೀ ಬೀದಿಗೆ ಕೇಳುವಷ್ಟು ಜೋರಾಗಿ ಬಂತು. "ಮದುವೆ ಯಾವಾಗ? ನಾಳೆ? ನಾಡಿದ್ದು? ಇವತ್ತೇ ಆಗುತ್ತಾ?"

"ನಿಧಾನ ಕಣ್ರೀ!" ಎಂದೆ. ಆ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ನನಗೇ ಗಾಬರಿಯಾಯಿತು.

ಇಬ್ಬರೂ ಮೆಟ್ಟಿಲ ಮೇಲೆ ಕೂತು ಆ ವಾರದ ಕಾರ್ಡು ಬರೆಯಲು ಹೊರಟೆವು. ಅವನ ಕಣ್ಣು ಕಾರ್ಡಿನ ಮೇಲೆ ನಿಲ್ಲುತ್ತಿರಲಿಲ್ಲ. ಹನ್ನೊಂದು ಕಾರ್ಡಿನ ಮೇಲೆ ಶಾಯಿ ಚೆಲ್ಲಿದ. ಹನ್ನೆರಡನೆಯದರಲ್ಲಿ ಚಪ್ಪಲಿಯ ವಿಷಯವೇ ಬರೆದಿರಲಿಲ್ಲ, ಅದನ್ನು ನಾನು ಕಿತ್ತುಕೊಂಡು ಇಟ್ಟುಕೊಂಡೆ. ಹೀಗೇ ಹೊತ್ತು ಮುಳುಗಿತು. ನೂರಿಪ್ಪತ್ತು ಬಾಗಿಲುಗಳಲ್ಲಿ ಒಂದಕ್ಕೂ ನಾವು ಅವತ್ತು ಹೋಗಲಿಲ್ಲ.

ಶುಕ್ರವಾರ ಬೆಳಿಗ್ಗೆ ಶೆಡ್ಡಿನ ಬಾಗಿಲು ತೆಗೆಯುವ ಮೊದಲೇ ಫೋನು ಹೊಡೆದುಕೊಳ್ಳುತ್ತಿತ್ತು. ಕ್ಷೌರದವರು. ಅವರ ಹಿಂದೆ ಹೆಡ್ ನರ್ಸ್, ಹೋಟೆಲಿನ ಅಡುಗೆಯವರು, ಬಟ್ಟೆ ಅಂಗಡಿಯ ಕೌಂಟರಿನವರು. ಇಪ್ಪತ್ತಾರು ವಾರದಲ್ಲಿ ಒಂದು ಜೊತೆಯನ್ನೂ ಕೊಳ್ಳದವರು ಕೂಡ. ಎಲ್ಲರದ್ದೂ ಒಂದೇ ಆತಂಕ: ನಿನ್ನೆ ಕಾರ್ಡು ಬರಲಿಲ್ಲವಲ್ಲ, ಯಾರಿಗಾದರೂ ಹುಷಾರಿಲ್ಲವಾ?

ಅಂಟಕ್ಕ ರಿಸೀವರನ್ನು ಭುಜಕ್ಕೆ ಸಿಕ್ಕಿಸಿಕೊಂಡು, ಅಂಟಿನ ಕುಂಚದಿಂದ ನಮ್ಮಿಬ್ಬರತ್ತ ತೋರಿಸುತ್ತ, ಮೂವತ್ನಾಲ್ಕು ಸಲ ಒಂದೇ ಉತ್ತರ ಹೇಳಿದಳು.

"ಎಲ್ಲರೂ ಹುಷಾರಾಗಿದಾರೆ. ಇಬ್ಬರು ಸ್ವಲ್ಪ ಜಾಸ್ತೀನೇ."